ಹೆಂಡತಿಯ ಸಿಟ್ಟು ಕಡಿಮೆಯಾಗಬೇಕು, ಯಾವ ಥೆರಪಿ ಬೇಗ ಕೆಲಸ ಮಾಡುತ್ತೆ?

ಇದೇ ಪ್ರಶ್ನೆ ಹಿಡಿದುಕೊಂಡು ನಾನೂ ಥೆರಪಿಗೆ ಹೋಗಿದ್ದೆ. ನೀವು ವಿಜಯಪುರದವರು, ನಾನು ಬಾಗಲಕೋಟೆಯವನು, ಅಷ್ಟೇ ವ್ಯತ್ಯಾಸ. ಅದದೇ ಜಗಳ, ಆನ್‌ಲೈನಿನಲ್ಲಿ ಸಿಕ್ಕ ಸೈಕೋಡೈನಾಮಿಕ್ ಥೆರಪಿಸ್ಟ್ (ಹಳೇ ಅನುಭವ ಇವತ್ತಿನ ಸಂಬಂಧದಲ್ಲಿ ಹೇಗೆ ಮರುಕಳಿಸುತ್ತೆ ಅಂತ ಮಾತಿನಲ್ಲಿ ಹುಡುಕುವವರು), ಹೆಂಡತಿಯ ಬಗ್ಗೆ ಹೇಳಲು ಹೋದರೆ ಅವರು ನಿಮ್ಮ ಬಾಲ್ಯ ಕೇಳುತ್ತಾರೆ. ಹಳೇದನ್ನು ಕೆದಕಿ ಏನು ಸಿಗುತ್ತೆ ಅಂತ ನಿಮಗೆ ಬೇಸರ, ನಿಲ್ಲಿಸಿಬಿಡಲಾ ಅಂತ ಕೇಳಿದ್ದೀರಿ.

ನಮ್ಮ ಮನೆಯಲ್ಲಿ ಕೂಗಾಟ ಅವಳದು, ಮೌನ ನನ್ನದು. ಅವಳು ದನಿ ಏರಿಸಿದ ಕೂಡಲೇ ನಾನು ಗಾಡಿ ಕೀಲಿ ತಗೊಂಡು ಹೊರಗೆ ಹೋಗುತ್ತಿದ್ದೆ. ಚಹಾದಂಗಡಿಯಲ್ಲಿ ಕೂತು, ಅವಳು ಮಲಗಿದ ಮೇಲೆ ಬರುತ್ತಿದ್ದೆ. ಅದು ನನ್ನ ತಾಳ್ಮೆ ಅಂತ ನಾನು ನಿಜವಾಗಿ ನಂಬಿದ್ದೆ.

ಬೆಂಗಳೂರಿನ ಒಬ್ಬ ಥೆರಪಿಸ್ಟ್ ಮೇಡಂ ಜೊತೆ ವಾರಕ್ಕೊಮ್ಮೆ ಫೋನಿನಲ್ಲಿ ಸೆಷನ್ ಶುರುವಾಯಿತು. ಪ್ರತಿ ಸಲ ಅದೇ ದಿನ, ಅದೇ ಹೊತ್ತು, ಐವತ್ತು ನಿಮಿಷ. ಮನೆಯಲ್ಲಿ ಗುಟ್ಟಾಗಿ ಮಾತಾಡಲು ಜಾಗವಿಲ್ಲ, ಹಾಗಾಗಿ ನವನಗರದ ಹೊರಗೆ ಕಾರು ನಿಲ್ಲಿಸಿಕೊಂಡು ಮಾತಾಡುತ್ತಿದ್ದೆ. ಹೋಂವರ್ಕ್ ಇಲ್ಲ, ಟಿಪ್ಸ್ ಇಲ್ಲ. ನಾನು ಹೆಂಡತಿಯ ದೂರು ಹೇಳುತ್ತಿದ್ದೆ, ಮೇಡಂ 'ಅವರು ಕೂಗಿದಾಗ ನಿಮ್ಮೊಳಗೆ ಏನಾಗುತ್ತೆ' ಅಂತ ಕೇಳುತ್ತಿದ್ದರು. ಏನೂ ಆಗಲ್ಲ ಅಂತಲೇ ಬಹಳ ವಾರ ಹೇಳಿದೆ.

ನಮ್ಮದು ಮುಳುಗಡೆಯ ಮನೆ. ಆಲಮಟ್ಟಿ ಅಣೆಕಟ್ಟು ಕೃಷ್ಣೆಗೆ ಕಟ್ಟಿದ್ದಾದರೂ ಅದರ ಹಿನ್ನೀರು ಘಟಪ್ರಭೆಯಲ್ಲಿ ಹಿಂದಕ್ಕೆ ಏರಿ ಹಳೇ ಬಾಗಲಕೋಟೆಯ ದಂಡೆಯ ಓಣಿಗಳನ್ನು ತೆಗೆದುಕೊಂಡಿತು. ಅಪ್ಪ ಬಾಗಿಲು, ತೊಲೆ ಬಿಚ್ಚಿ ತಂದರು. ಪರಿಹಾರದ ಹಣ ಬಂತು, ನವನಗರದಲ್ಲಿ ಸೈಟ್ ಬಂತು, ಅಪ್ಪನ ಮಾತು ಮಾತ್ರ ನಿಂತುಹೋಯಿತು. ಯಾರಾದರೂ ಹಳೇ ಮನೆಯ ಸುದ್ದಿ ತೆಗೆದರೆ ತಾಟು ಸರಿಸಿ ಎದ್ದು ಹೋಗುತ್ತಿದ್ದರು. 'ಈಗ ಮಾತಾಡಿಸಬ್ಯಾಡ' ಅಂತ ಅವ್ವ ಕಣ್ಣಲ್ಲೇ ಹೇಳುತ್ತಿದ್ದಳು. ಮನೆಯಲ್ಲಿ ಯಾರಿಗಾದರೂ ನೋವಾಗಿದ್ದರೆ ಅವರ ಹತ್ತಿರ ಹೋಗಬಾರದು, ನಮಗೇ ನೋವಾದರೆ ಎದ್ದು ಹೋಗಬೇಕು. ಇದನ್ನು ಯಾರೂ ಪಾಠ ಮಾಡಲಿಲ್ಲ, ಆದರೂ ನಾನು ಕಲಿತಿದ್ದು ಅದನ್ನೇ.

ಈ ಥೆರಪಿ ಹಿಡಿಯುವುದು ಅದನ್ನೇ. ಚಿಕ್ಕಂದಿನಲ್ಲಿ ನೋವು ತಪ್ಪಿಸಿಕೊಳ್ಳಲು ಕಲಿತ ದಾರಿ ದೊಡ್ಡವರಾದ ಮೇಲೂ ನಮಗೆ ಗೊತ್ತಾಗದೆ ನಡೆಯುತ್ತಿರುತ್ತದೆ. ಹೆಂಡತಿಯ ಜೊತೆ ಅಷ್ಟೇ ಅಲ್ಲ, ಥೆರಪಿಸ್ಟ್ ಜೊತೆಗೂ ನಡೆಯುತ್ತದೆ. ಅದಕ್ಕೆ ಟ್ರಾನ್ಸ್‌ಫರೆನ್ಸ್ ಅಂತಾರೆ, ಮನೋವಿಶ್ಲೇಷಣೆ ಶುರುಮಾಡಿದ ಫ್ರಾಯ್ಡ್ ಕಾಲದಿಂದ ಬಂದ ವಿಚಾರ. ನಾನು ಎಡವಿದ್ದು ಸರಿಯಾಗಿ ಇಲ್ಲಿಯೇ. ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯ ಕೊನೆಗೆ 'ನಿಲ್ಲಿಸಿಬಿಡಲಾ' ಅಂತ ಇದೆ.

ಅಪ್ಪನ ವಿಷಯ ಬಾಯಿಗೆ ಬಂದ ಹೊಸತರಲ್ಲೇ ಮೇಡಂ ಕೆಲವು ವಾರ ರಜೆ ಅಂದರು. ಮೊದಲೇ ತಿಳಿಸಿದ್ದರು. ನಾನು 'ಪರವಾಗಿಲ್ಲ ಮೇಡಂ' ಅಂದೆ. ಅವರು ವಾಪಸ್ ಬಂದ ಮೇಲೆ ಆಫೀಸ್ ಕೆಲಸ ಜಾಸ್ತಿ ಅಂತ ಒಂದು ಸೆಷನ್ ಬಿಟ್ಟೆ, ಆಮೇಲೆ ಮೆಸೇಜಿಗೆ ಉತ್ತರ ಕೊಡುವುದನ್ನೇ ಬಿಟ್ಟೆ. ಕೆಲಸ ಜಾಸ್ತಿ ಇದ್ದದ್ದು ನಿಜ. ಫೀಸು ಭಾರವಾಗಿದ್ದೂ ನಿಜ. ಮನೆಯಲ್ಲಿ ಜಗಳ ನಿಂತಿರಲಿಲ್ಲ, ಅದೂ ನಿಜ. ಒಂದೊಂದು ಕಾರಣವೂ ನಿಜವಾಗಿದ್ದರಿಂದ ಅವುಗಳ ಕೆಳಗೆ ಏನಿದೆ ಅಂತ ನಾನು ನೋಡಲೇ ಇಲ್ಲ. ನನಗೆ ಅವರ ಮೇಲೆ ಸಿಟ್ಟು ಬಂದಿತ್ತು. ಎಂದೂ ಯಾರಿಗೂ ಹೇಳದ್ದನ್ನು ಹೇಳಿಸಿ ಬಿಟ್ಟು ಹೋದರಲ್ಲ ಅಂತ. ಆ ಸಿಟ್ಟು ಸಿಟ್ಟಾಗಿ ಕಾಣಲೇ ಇಲ್ಲ, 'ಇದರಿಂದ ಏನೂ ಉಪಯೋಗವಿಲ್ಲ' ಅನ್ನುವ ತಣ್ಣನೆಯ ಲೆಕ್ಕವಾಗಿ ಕಂಡಿತು. ಹೆಂಡತಿಯ ಎದುರು ಕೀಲಿ ತಗೊಂಡು ಎದ್ದು ಹೋಗುತ್ತಿದ್ದವನು ಇಲ್ಲೂ ಹಾಗೇ ಎದ್ದು ಹೋಗಿದ್ದೆ. ನಿಲ್ಲಿಸುವುದಾದರೂ ಒಂದು ಸಲ ಬಂದು ಮಾತಾಡಿ ನಿಲ್ಲಿಸೋಣ ಅಂತ ಅವರು ಬರೆದಿದ್ದರು. ನಾನು ಅದನ್ನು ತೆರೆದೂ ನೋಡಲಿಲ್ಲ. 'ನೀವು ರಜೆ ಹೋದದ್ದಕ್ಕೆ ನನಗೆ ಸಿಟ್ಟು ಬಂದಿದೆ' ಅನ್ನುವ ಒಂದು ವಾಕ್ಯ ಸಾಕಿತ್ತು. ನಾನು ದುಡ್ಡು ಕೊಟ್ಟು ಹೋಗುತ್ತಿದ್ದದ್ದೇ ಆ ವಾಕ್ಯ ಆಡಲು ಕಲಿಯೋಕೆ.

ಆ ಮಳೆಗಾಲದಲ್ಲಿ ಹೆಂಡತಿ ಮಗಳನ್ನು ಕರೆದುಕೊಂಡು ಜಮಖಂಡಿಗೆ, ತವರಿಗೆ ಹೋದಳು. ಮಗಳು ಮೊದಲ ಸಲ ಶಾಲೆಗೆ ಹೋದದ್ದು ಅಲ್ಲಿ. ನಾನು ಫೋಟೋದಲ್ಲಿ ನೋಡಿದೆ.

ಮತ್ತೆ ಮೇಡಂಗೆ ಫೋನ್ ಮಾಡಿದಾಗ ಅವರು ಬೈಯಲಿಲ್ಲ. ನಾನು ಯಾಕೆ ಬಿಟ್ಟು ಹೋದೆ ಅನ್ನುವುದನ್ನೇ ವಾರಗಟ್ಟಲೆ ಮಾತಾಡಿದೆವು. ನನ್ನಲ್ಲಿ ಏನಾದರೂ ಬದಲಾಗಿದ್ದರೆ ಅದು ಆಗ.

ನಾನು, ಹೆಂಡತಿ ಇಬ್ಬರೂ ಸೇರಿ ಹೋದದ್ದು ಆಮೇಲೆ, ಬೇರೆ ಥೆರಪಿಸ್ಟ್ ಹತ್ತಿರ. ಒಬ್ಬರನ್ನು ನೋಡುತ್ತಿರುವವರೇ ಜೋಡಿಯನ್ನೂ ನೋಡಿದರೆ ಪಕ್ಷಪಾತದ ಅನುಮಾನ ಬರುತ್ತದೆ, ಹಾಗಾಗಿ ಸಾಮಾನ್ಯವಾಗಿ ಬೇರೆಯವರ ಹತ್ತಿರ ಕಳಿಸುತ್ತಾರೆ. ಅಲ್ಲಿ ನನಗೆ ಗೊತ್ತಾಯಿತು, ಅವಳ ಅಪ್ಪ ದುಡಿಯಲು ಗೋವಾಕ್ಕೆ ಹೋಗುತ್ತಿದ್ದರು, ಹಬ್ಬಕ್ಕೆ ಬಂದವರು ಮಕ್ಕಳು ಅಳಬಾರದೆಂದು ನಸುಕಿನಲ್ಲಿ ಹೇಳದೆ ಹೊರಟುಬಿಡುತ್ತಿದ್ದರು ಅಂತ. ಮದುವೆಯಾಗಿ ಇಷ್ಟು ವರ್ಷವಾದರೂ ಈ ಸಂಗತಿ ನನಗೆ ಗೊತ್ತಿರಲಿಲ್ಲ. ನಾನು ಕೀಲಿ ತಗೊಂಡರೆ ಅವಳಿಗೆ ಆ ನಸುಕು. ಅವಳು ಕೂಗಿದರೆ ನನಗೆ ಅಪ್ಪ ಸರಿಸಿದ ತಾಟು. ಅವಳು ಕೂಗುತ್ತಿದ್ದದ್ದು ಹೋಗಬೇಡ ಅಂತ, ನಾನು ಹೋಗುತ್ತಿದ್ದದ್ದು ಅವಳು ಕೂಗುತ್ತಾಳೆ ಅಂತ. ಯಾರದು ತಪ್ಪು ಅಂತ ಆ ಥೆರಪಿಸ್ಟ್ ಒಮ್ಮೆಯೂ ತೀರ್ಪು ಹೇಳಲಿಲ್ಲ. ಮೊದಮೊದಲು ನಮ್ಮಿಬ್ಬರಿಗೂ ಅದರ ಮೇಲೇ ಸಿಟ್ಟು.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಅನ್ನುತ್ತೇನೆ, ಬೇಜಾರಾಗಬೇಡಿ. ಸೆಷನ್ನಿನಲ್ಲಿ ಇಲ್ಲದ ಮನುಷ್ಯರನ್ನು ಬದಲಾಯಿಸುವ ಥೆರಪಿ ಇಲ್ಲ. ಬೇಗ ಅಂದರೆ, ಪ್ಯಾನಿಕ್ (ಏಕಾಏಕಿ ಬರುವ ಗಾಬರಿ), ಒಸಿಡಿ (ಬಿಡದೆ ಕಾಡುವ ಗೀಳು) ತರಹದ ತೊಂದರೆಗೆ ಸಿಬಿಟಿ, ಅಂದರೆ ಯೋಚನೆ, ನಡವಳಿಕೆ ಬದಲಿಸುವ ಅಭ್ಯಾಸ ಮಾಡಿಸುವ ಥೆರಪಿ, ಒಳ್ಳೆಯದು, ನಾನೂ ಅದನ್ನೇ ಹೇಳುತ್ತೇನೆ. ಅದದೇ ಜಗಳ ಬೇರೆ ಬೇರೆ ನೆಪದಲ್ಲಿ ಬರುತ್ತಿದ್ದರೆ ಮಾತ್ರ ಆಳಕ್ಕೆ ಹೋಗಬೇಕು. ಜೊನಾಥನ್ ಶೆಡ್ಲರ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2010ರಲ್ಲಿ ಬರೆದದ್ದು ಇದನ್ನೇ: ಸೈಕೋಡೈನಾಮಿಕ್ ಥೆರಪಿಯ ಲಾಭ ಸೆಷನ್ ಮುಗಿದ ಮೇಲೂ ಉಳಿಯುತ್ತದೆ, ಇನ್ನೂ ಬೆಳೆಯುತ್ತದೆ. ಇದು ವಿದೇಶದವರ ಹುಚ್ಚು ಅಂತಲೂ ಬರೆದಿದ್ದೀರಿ. ಈ ಥೆರಪಿ ಹುಟ್ಟಿದ್ದು ಮನೋವಿಶ್ಲೇಷಣೆಯಿಂದ. ಗಿರೀಂದ್ರಶೇಖರ ಬೋಸ್ ಅನ್ನುವ ವೈದ್ಯರು ಕೋಲ್ಕತ್ತದಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದ್ದು 1922ರಲ್ಲಿ. ನಮ್ಮಲ್ಲಿ ಇದು ಬಂದು ನೂರು ವರ್ಷ ದಾಟಿದೆ.

ಒಂದು ಮಾತು ಗಟ್ಟಿಯಾಗಿ. ಸಿಟ್ಟು ಅಂತ ನೀವು ಬರೆದದ್ದರ ಹಿಂದೆ ಯಾರಾದರೂ ಕೈ ಎತ್ತುವುದು ಇದ್ದರೆ ಜೋಡಿ ಥೆರಪಿ ಬೇಡವೇ ಬೇಡ, ಮೊದಲು ಸುರಕ್ಷತೆ. ಮಹಿಳೆಯರಿಗೆ 181 ಸಹಾಯವಾಣಿ ಇದೆ. ಮನಸ್ಸು ತೀರಾ ಕುಸಿದಾಗ 14416, ಟೆಲಿ ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಕೌನ್ಸೆಲರ್ ಅಂತ ಬೋರ್ಡು ಹಾಕಿಕೊಂಡವರೆಲ್ಲ ಕಲಿತವರಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಕೇಳಿ. ಸೈಕೋಡೈನಾಮಿಕ್ ತರಬೇತಿ ಎಲ್ಲಿ ಪಡೆದಿರಿ, ನಿಮ್ಮ ಕೆಲಸವನ್ನು ಹಿರಿಯರು ಯಾರು ನೋಡುತ್ತಾರೆ ಅಂತಲೂ ಕೇಳಿ. ಇಂಥ ಪ್ರಶ್ನೆಗೆ ಸಿಡುಕುವವರ ಹತ್ತಿರ ಹೋಗಬೇಡಿ. ನಮ್ಮ ಕಡೆಯ ಕನ್ನಡದಲ್ಲೇ ಮಾತಾಡಿ, ಅವ್ವ ಅನ್ನುವಲ್ಲಿ ಮದರ್ ಅಂದರೆ ಅಳು ಬರಲ್ಲ.

ಈಗಿರುವವರನ್ನು ಬಿಡಬೇಕು ಅನ್ನಿಸಿದರೆ ಬಿಡಿ, ಆದರೆ ಸುಮ್ನೆ ಮಾಯವಾಗಬೇಡಿ. ಮುಂದಿನ ಸೆಷನ್ನಿಗೆ ಹೋಗಿ, 'ನನಗೆ ನಿಮ್ಮ ಮೇಲೆ ಬೇಸರವಾಗಿದೆ' ಅಂತ ಅವರಿಗೇ ಹೇಳಿ, ಅವರು ಏನು ಮಾಡುತ್ತಾರೆ ನೋಡಿ ಆಮೇಲೆ ತೀರ್ಮಾನ ಮಾಡಿ. ಹೆಂಡತಿ ಬರಲ್ಲ ಅಂದರೆ ಒತ್ತಾಯ ಬೇಡ, ನೀವೊಬ್ಬರೇ ಹೋಗಿ.