ಯಾರನ್ನೂ ಕೊಲ್ಲದ ಆಯುಧ ಮಾಡುವ ಕೆಲಸಕ್ಕೆ ಸೇರಬಹುದೇ?

ಗುಂಪು ಚದುರಿಸಲು ಸೇನೆಗೆ ಆಯುಧ ಮಾಡಿಕೊಡುವ ಕಂಪನಿಯಲ್ಲಿ ಕೆಲಸ ಸಿಕ್ಕಿದೆ, "ಹೇಗೂ ಪ್ರಾಣ ತೆಗೆಯಲ್ಲ ಅಲ್ವಾ, ಸೇರಲೇ?" ಅಂತ ಕೇಳಿದ್ದೀರಿ. ನಾನೂ ಇದೇ ಮಾತು ಹೇಳಿಕೊಂಡೇ ಸೇರಿದ್ದೆ.

ನನಗೆ ಕೊಟ್ಟಿದ್ದು ಪ್ಲಾಸ್ಟಿಕ್ ಗುಂಡಿನ ಕೆಲಸ. 40 ಮೀಟರ್ ದೂರದಲ್ಲಿ ತಗುಲಿದರೆ ಬಾಸುಂಡೆ ಬರಬೇಕು, ಚರ್ಮ ಹರಿಯಬಾರದು. ಮನುಷ್ಯನ ಮೈಯ ಬದಲಿಗೆ ಜೆಲಾಟಿನ್ ಗಟ್ಟಿ ಇಟ್ಟು, ಅದರ ಮೇಲೆ ಮೆತ್ತನೆಯ ಚರ್ಮ ಹೊದಿಸಿ, ಬಂದೂಕನ್ನು ಸ್ಟ್ಯಾಂಡಿಗೆ ಬಿಗಿದು ಹೊಡೆಯುತ್ತಿದ್ದೆವು. ಎಲ್ಲಾ ಸರಿಯಾಗಿಯೇ ಬರುತ್ತಿತ್ತು. ಕಾಗದದಲ್ಲಿ 40 ಮೀಟರ್ ಅಂತಿತ್ತು, ನಾನು 40 ಮೀಟರಿನಲ್ಲಿ ಮಾತ್ರ ನೋಡಿದೆ. ಕೆಟ್ಟಿದ್ದೇ ಅಲ್ಲಿ. ಗುಂಡು ಹೋಗುತ್ತಾ ಗಾಳಿಗೆ ವೇಗ ಕಳೆದುಕೊಳ್ಳುತ್ತದೆ. ಅಷ್ಟು ದೂರ ಹೋದ ಮೇಲೂ ನೋಯಿಸಬೇಕು ಅಂದರೆ ನಳಿಕೆ ಬಿಡುವಾಗ ತುಂಬಾ ಜೋರಾಗಿರಬೇಕು. ವೇಗ ಎರಡು ಪಟ್ಟಾದರೆ ಅದರ ಶಕ್ತಿ ನಾಲ್ಕು ಪಟ್ಟು. ಇದು ಹೈಸ್ಕೂಲ್ ಪಾಠ, ಗೊತ್ತಿರಲಿಲ್ಲ ಅಂತಲ್ಲ. ಜನ ನಾನು ಗೆರೆ ಎಳೆದ ಕಡೆಯೇ ನಿಂತಿರುತ್ತಾರೆ ಅಂದುಕೊಂಡಿದ್ದೆ, ಅಷ್ಟೇ.

ಪ್ರದರ್ಶನದ ದಿನ ಸೈನಿಕರು ಓಡಿ ಬಂದು, ಏದುಸಿರು ಬಿಡುತ್ತಲೇ, ಹತ್ತು ಹೆಜ್ಜೆ ದೂರದಿಂದ ಹೊಡೆದರು. ಗುಂಡು ಚರ್ಮ ಹರಿದು ಜೆಲಾಟಿನ್ ಒಳಗೆ ಕೂತಿತ್ತು. ಪಕ್ಕದ ಹಲಗೆಯ ಮೇಲೆ ಬರೆದ ಮನುಷ್ಯನ ಚಿತ್ರಕ್ಕೆ ತೊಡೆ ನೋಡಿ ಹೊಡೆದಿದ್ದು ಗಂಟಲಿಗೆ ಬಿದ್ದಿತ್ತು. ಯೋಜನೆ ನಿಂತಿತು, ನನ್ನ ಕೆಲಸವೂ ಹೋಯಿತು. ಉತ್ತರ ಐರ್ಲೆಂಡ್‌ನಲ್ಲಿ ರಬ್ಬರ್, ಪ್ಲಾಸ್ಟಿಕ್ ಗುಂಡುಗಳಿಂದ 17 ಜನ ಸತ್ತಿದ್ದರು, ಅವರಲ್ಲಿ ಮಕ್ಕಳೂ ಇದ್ದರು. ಅದನ್ನಾದರೂ ಮೊದಲೇ ಓದಿಕೊಳ್ಳಬಹುದಿತ್ತು.

ಗುಂಡು ಬೇಡ, ಕಿರಣ ಬಿಡೋಣ ಅನ್ನುವವರೂ ಇದ್ದಾರೆ. ಅಮೆರಿಕದವರ ಯಂತ್ರ 95 ಗಿಗಾಹರ್ಟ್ಸ್ ರೇಡಿಯೋ ತರಂಗ ಬಿಟ್ಟು ಚರ್ಮದ ಮೇಲ್ಪದರವನ್ನಷ್ಟೇ ಬಿಸಿ ಮಾಡಿ ಉರಿ ಹುಟ್ಟಿಸುತ್ತದೆ, ತಡೆಯಲಾರದೆ ಜನ ಪಕ್ಕಕ್ಕೆ ಸರಿಯಬೇಕು. ಹಿಂದಿನವರು ನೂಕುತ್ತಿದ್ದರೆ ಮುಂದಿರುವವನು ಎಲ್ಲಿಗೆ ಸರಿಯಬೇಕು? 2010ರಲ್ಲಿ ಅದನ್ನು ಅಫ್ಘಾನಿಸ್ತಾನಕ್ಕೆ ಕಳಿಸಿ, ಬಳಸದೆಯೇ ವಾಪಸ್ ಕರೆಸಿಕೊಂಡರು. 2002ರಲ್ಲಿ ಒತ್ತೆಯಾಳುಗಳನ್ನು ಬಿಡಿಸಲು ರಷ್ಯಾದ ಪಡೆಗಳು ಮಾಸ್ಕೋದ ರಂಗಮಂದಿರಕ್ಕೆ ಪ್ರಜ್ಞೆ ತಪ್ಪಿಸುವ ಅನಿಲ ಬಿಟ್ಟಾಗ ನೂರಕ್ಕೂ ಹೆಚ್ಚು ಒತ್ತೆಯಾಳುಗಳು ಸತ್ತರು. ಅಲ್ಲೂ ಯಾರ ಮೈಗೆ ಎಷ್ಟು ಹೋಯಿತು ಅನ್ನುವುದು ಯಾರ ಕೈಯಲ್ಲೂ ಇರಲಿಲ್ಲ.

ಹಾಗಾಗಿ "ಹೇಗೂ ಪ್ರಾಣ ತೆಗೆಯಲ್ಲ" ಅನ್ನುವ ಲೆಕ್ಕ ಬಿಡಿ. ಸಂಬಳದ ಮಾತು ಆಮೇಲೆ ಆಡಿ, ಮೊದಲು ತೀರಾ ಹತ್ತಿರದಿಂದ ಹೊಡೆದು ನೋಡಿದ ಪರೀಕ್ಷೆಯ ವರದಿ ಕೇಳಿ. ಕಣ್ಣು, ಗಂಟಲಿನ ಲೆಕ್ಕವೂ ಅದರಲ್ಲಿರಬೇಕು. ಅದು ಗುಟ್ಟು, ಸೇರಿದ ಮೇಲೆ ತೋರಿಸುತ್ತೇವೆ ಅಂದರೆ ಸುಮ್ನೆ ಎದ್ದು ಬನ್ನಿ.