ಕಾರಿಲ್ಲದೆ ಸ್ಕಾಟ್ಲೆಂಡಿನ ಔಟರ್ ಹೆಬ್ರಿಡೀಸ್ ದ್ವೀಪಗಳನ್ನು ಜುಲೈನಲ್ಲಿ 5 ದಿನಕ್ಕೆ ಮುಗಿಸಬಹುದೆ? ಇಲ್ಲವೇ ಕಾರು ಬಾಡಿಗೆ ಹಿಡಿಯಲೇಬೇಕೆ?

ಗ್ಲಾಸ್ಗೋದಲ್ಲಿ ಓದು, ಜುಲೈನಲ್ಲಿ ಊರಿಂದ ಬರುವ ಅಪ್ಪ-ಅಮ್ಮ, ಕೈಯಲ್ಲಿ ಐದೇ ದಿನ, ಕಾರಿಲ್ಲ, ಆದರೂ ಇಡೀ ದ್ವೀಪ ಸರಪಳಿ ನೋಡಬೇಕು, ಕಾರಿದ್ದರೆ ಎಲ್ಲ ಸಲೀಸು ಎಂದು ನೀವು ನನಗೆ ಬರೆದಿದ್ದೀರಿ. ಕೆಲವು ವರ್ಷಗಳ ಹಿಂದೆ ನನ್ನ ಪರಿಸ್ಥಿತಿಯೂ ಇದೇ. ದಕ್ಷಿಣ ತುದಿಯ ಬ್ಯಾರಾದಿಂದ ಉತ್ತರದ ಲೂಯಿಸ್‌ವರೆಗೆ ಬಸ್ಸು, ದೋಣಿ ಎಲ್ಲವನ್ನೂ ನಿಮಿಷ ನಿಮಿಷಕ್ಕೆ ಹೊಂದಿಸಿಕೊಂಡು ಹೊರಟಿದ್ದೆ. ಮೂರನೇ ದಿನ ಬೆಳಿಗ್ಗೆ ಸೌತ್ ಯೂಯಿಸ್ಟ್‌ನ ರಸ್ತೆ ಬದಿಯಲ್ಲಿ ನಿಂತು ಕಾದೆ. ಕಾಯುತ್ತಿದ್ದ ಬಸ್ಸು ಆ ದಿನ ಇರಲೇ ಇಲ್ಲ.

ಬಸ್ಸು ತಡವಾಗಿರಲಿಲ್ಲ, ಕೆಟ್ಟಿರಲಿಲ್ಲ, ರದ್ದೂ ಆಗಿರಲಿಲ್ಲ. ವೇಳಾಪಟ್ಟಿಯಲ್ಲಿ ಆ ಬಸ್ಸಿನ ಕಾಲಮ್ಮಿನ ತಲೆಯ ಮೇಲೆ ಒಂದು ಪುಟ್ಟ ಅಕ್ಷರ ಇತ್ತು. ಪುಟದ ಅಡಿಯಲ್ಲಿ ಅದರ ಅರ್ಥ ಬರೆದಿತ್ತು: ಶಾಲೆ ಇರುವ ದಿನಗಳಲ್ಲಿ ಮಾತ್ರ. ಅದನ್ನು ನಾನು ಓದಿಯೂ ಇದ್ದೆ. ಆದರೆ ಅಂದು ಜುಲೈ ಎರಡನೇ ವಾರದ ಮಂಗಳವಾರ. ಇಂಗ್ಲೆಂಡಿನ ಶಾಲೆಗಳಿಗೆ ಬೇಸಿಗೆ ರಜೆ ಶುರುವಾಗುವುದು ಜುಲೈ ಮೂರನೇ ವಾರ ಕಳೆದ ಮೇಲೆ, ಆದ್ದರಿಂದ ಶಾಲೆ ನಡೆಯುತ್ತಿರುತ್ತದೆ ಎಂದುಕೊಂಡೆ. ಸ್ಕಾಟ್ಲೆಂಡಿನ ಲೆಕ್ಕವೇ ಬೇರೆ. ಅಲ್ಲಿ ಶಾಲೆಗಳು ಜೂನ್ ಕೊನೆಯ ಹೊತ್ತಿಗೆ ಮುಚ್ಚಿ ಆಗಸ್ಟ್ ಮಧ್ಯಕ್ಕೆ ತೆರೆಯುತ್ತವೆ. ಅಂದರೆ ಪ್ರವಾಸಿಗರು ತುಂಬಿ ತುಳುಕುವ ಇಡೀ ಜುಲೈ ತಿಂಗಳಲ್ಲಿ ಆ ಬಸ್ಸುಗಳಲ್ಲಿ ಹಲವು ಓಡುವುದಿಲ್ಲ.

ಇದನ್ನು ಇಷ್ಟು ಎಳೆದು ಹೇಳುವುದಕ್ಕೆ ಕಾರಣವಿದೆ. ಒಂದು ಬಸ್ಸು ತಪ್ಪಿದರೆ ಇಲ್ಲಿ ಒಂದು ಗಂಟೆ ಹೋಗುವುದಿಲ್ಲ, ದಿನವೇ ಹೋಗುತ್ತದೆ. ನನ್ನ ಸರಪಳಿ ಹೀಗಿತ್ತು: ಡಬ್ಲ್ಯು 17 ಬಸ್ಸಿನಲ್ಲಿ ಬರ್ನರೇ ದ್ವೀಪದ ದೋಣಿ ಕಟ್ಟೆ, ಅಲ್ಲಿಂದ ಒಂದು ಗಂಟೆಯ ದೋಣಿಯಲ್ಲಿ ಹ್ಯಾರಿಸ್‌ನ ಲೀವರ್‌ಬರಾ, ಇಳಿದ ಕೂಡಲೇ ಡಬ್ಲ್ಯು 10 ಬಸ್ಸಿನಲ್ಲಿ ಟಾರ್ಬರ್ಟ್, ಅಲ್ಲಿ ಮುಂಗಡ ದುಡ್ಡು ಕೊಟ್ಟ ಕೋಣೆ. ಮುಂದಿನ ಬಸ್ಸು ಬರ್ನರೇ ತಲುಪುವಷ್ಟರಲ್ಲಿ ದೋಣಿ ಹೋಗಿತ್ತು. ಅದರ ಮುಂದಿನ ದೋಣಿ ಲೀವರ್‌ಬರಾ ಮುಟ್ಟುವ ಹೊತ್ತಿಗೆ ಡಬ್ಲ್ಯು 10ರ ಕೊನೆಯ ಬಸ್ಸು ಹೊರಟಿರುತ್ತಿತ್ತು. ಕೋಣೆಯ ದುಡ್ಡು ಹೋಯಿತು, ಆ ರಾತ್ರಿ ಬೇರೆ ಕೋಣೆ, ಮೇಲೆ ಟ್ಯಾಕ್ಸಿ ಖರ್ಚು.

ಈ ಬಸ್ಸುಗಳು ಯಾರಿಗಾಗಿ ಓಡುತ್ತವೆ ಎಂದು ಅರ್ಥಮಾಡಿಕೊಂಡರೆ ವೇಳಾಪಟ್ಟಿ ತಾನೇ ಬಿಡಿಸಿಕೊಳ್ಳುತ್ತದೆ. ಅವು ಪ್ರವಾಸಿ ಬಸ್ಸುಗಳಲ್ಲ. ಶಾಲೆಯ ಮಕ್ಕಳು, ಆಸ್ಪತ್ರೆಗೆ ಹೋಗುವವರು, ಅಂಗಡಿಗೆ ಹೋಗುವ ಹಿರಿಯರು, ಇವರ ದಿನಚರಿಗೆ ಹೊಲಿದ ಬಸ್ಸುಗಳು. ನಾರ್ತ್ ಯೂಯಿಸ್ಟ್, ಸೌತ್ ಯೂಯಿಸ್ಟ್ ದ್ವೀಪಗಳ ಪ್ರೌಢಶಾಲೆ ಇರುವುದು ಅವುಗಳ ನಡುವಿನ ಬೆನ್ಬೆಕ್ಯುಲಾ ದ್ವೀಪದ ಲಿನಿಕ್ಲೇಟ್‌ನಲ್ಲಿ. ವಿಮಾನ ನಿಲ್ದಾಣ, ಆಸ್ಪತ್ರೆ ಕೂಡ ಅದೇ ದ್ವೀಪದ ಬಾಲಿವಾನಿಚ್‌ನಲ್ಲಿ. ಹಾಗಾಗಿ ಬೆಳಿಗ್ಗೆ ಉತ್ತರದಿಂದಲೂ ದಕ್ಷಿಣದಿಂದಲೂ ಜನ ನಡುವಿನ ಕಡೆ ಬರುತ್ತಾರೆ, ಸಂಜೆ ತುದಿಗಳ ಕಡೆ ಮರಳುತ್ತಾರೆ. ನಿಮ್ಮಂತೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವವರು ಅರ್ಧ ದಾರಿ ಈ ಹರಿವಿಗೆ ಎದುರು. ನಡುವಿನಲ್ಲಿ ಬಸ್ಸು ಬದಲಿಸುವುದನ್ನು, ಒಂದೆರಡು ಗಂಟೆ ಕಾಯುವುದನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ.

ಈಗ ಮಾಡಬೇಕಾದ್ದು. ಬಸ್ಸು, ರೈಲು, ದೋಣಿಗಳ ವೇಳೆ ಹುಡುಕಿಕೊಡುವ ಟ್ರಾವೆಲೈನ್ ಸ್ಕಾಟ್ಲೆಂಡ್ ಜಾಲತಾಣದಲ್ಲಿ ನೀವು ಪ್ರಯಾಣ ಮಾಡುವ ಅದೇ ತಾರೀಖು ಹಾಕಿ ಹುಡುಕಿ. ಮೇ ತಿಂಗಳ ಯಾವುದೋ ಮಂಗಳವಾರ ಹಾಕಿ ನೋಡಿದರೆ ಶಾಲೆಯ ಬಸ್ಸುಗಳೆಲ್ಲ ಕಾಣಿಸಿಕೊಂಡು ಮೋಸ ಹೋಗುತ್ತೀರಿ. ಆಮೇಲೆ ದ್ವೀಪಗಳ ಕೌನ್ಸಿಲ್ ಹಾಕುವ ಪಿಡಿಎಫ್ ವೇಳಾಪಟ್ಟಿಯಲ್ಲಿ ಅದೇ ಬಸ್ಸನ್ನು ಹುಡುಕಿ ಕಾಲಮ್ಮಿನ ತಲೆಯ ಅಕ್ಷರ ನೋಡಿ. ಮೂರು ಬಗೆ ಇರುತ್ತವೆ: ಶಾಲೆ ಇರುವ ದಿನ ಮಾತ್ರ, ಶಾಲೆಗೆ ರಜೆ ಇರುವ ದಿನ ಮಾತ್ರ, ಮತ್ತು ಕೇಳಿದರೆ ಮಾತ್ರ. ಈ ಮೂರನೆಯದಕ್ಕೆ ಹಿಂದಿನ ದಿನವೇ ಫೋನ್ ಮಾಡಿ ಎಷ್ಟು ಜನ, ಎಲ್ಲಿಂದ ಎಲ್ಲಿಗೆ ಎಂದು ಹೇಳಬೇಕು. ಹೇಳದಿದ್ದರೆ ಆ ಬಸ್ಸು ಹೊರಡುವುದೇ ಇಲ್ಲ. ಪಟ್ಟಿಯನ್ನು ಕಾಗದದಲ್ಲಿ ಮುದ್ರಿಸಿ ಇಟ್ಟುಕೊಳ್ಳಿ. ಗುಡ್ಡಗಳ ನಡುವೆ ಮೊಬೈಲ್ ಸಿಗ್ನಲ್ ಸಿಗದ ಜಾಗಗಳು ಬಹಳ.

ಭಾನುವಾರ ಬಸ್ಸೇ ಇಲ್ಲ. ಉತ್ತರದ ಲೂಯಿಸ್, ಹ್ಯಾರಿಸ್ ದ್ವೀಪಗಳಲ್ಲಿ ಪ್ರೆಸ್ಬಿಟೇರಿಯನ್ ಚರ್ಚಿನ ಪ್ರಭಾವದಿಂದ ಭಾನುವಾರ ವಿಶ್ರಾಂತಿಯ ದಿನ. ಮುಖ್ಯಭೂಮಿಯ ಅಲ್ಲಪೂಲ್‌ನಿಂದ ಲೂಯಿಸ್‌ನ ಸ್ಟಾರ್ನೋವೇಗೆ ಭಾನುವಾರದ ದೋಣಿ ಶುರುವಾದದ್ದೇ 2009ರಲ್ಲಿ. ದಕ್ಷಿಣದ ಸೌತ್ ಯೂಯಿಸ್ಟ್, ಬ್ಯಾರಾ ಕ್ಯಾಥೊಲಿಕ್ ದ್ವೀಪಗಳು, ಅಲ್ಲಿ ಭಾನುವಾರ ಅಷ್ಟು ಬಿಗಿಯಲ್ಲ, ಆದರೂ ಬಸ್ಸಿನ ವಿಷಯದಲ್ಲಿ ವ್ಯತ್ಯಾಸವಿಲ್ಲ. ದೋಣಿ ಇದೆಯಲ್ಲ ಎಂದು ಭಾನುವಾರ ದ್ವೀಪ ಬದಲಿಸಲು ಹೊರಟರೆ ಕಟ್ಟೆಯ ಮೇಲೆ ಇಳಿದು ನಿಂತುಬಿಡುತ್ತೀರಿ. ಶನಿವಾರ ಸಂಜೆಯೇ ಎರಡು ದಿನದ ದಿನಸಿ ಕೊಂಡು, ನಡೆದು ತಲುಪಬಹುದಾದ ಕಡಲ ತೀರ ಇರುವ ಊರಿನಲ್ಲಿ ಉಳಿಯಿರಿ. ಅಪ್ಪ-ಅಮ್ಮ ಸಸ್ಯಾಹಾರಿಗಳು ಎಂದು ಬರೆದಿದ್ದೀರಿ, ಹಾಗಿದ್ದರೆ ಅಡುಗೆ ಮನೆ ಇರುವ ವಸತಿಯನ್ನೇ ಹಿಡಿಯಿರಿ. ಅಕ್ಕಿ, ಬೇಳೆ, ಸಾರಿನ ಪುಡಿ ಗ್ಲಾಸ್ಗೋದಿಂದಲೇ ಒಯ್ಯಿರಿ.

ಹೆಸರುಗಳ ಗೊಂದಲಕ್ಕೂ ತಯಾರಾಗಿ. ಯೂಯಿಗ್ ಎಂಬ ಊರು ಎರಡು: ಹ್ಯಾರಿಸ್‌ಗೂ ನಾರ್ತ್ ಯೂಯಿಸ್ಟ್‌ಗೂ ದೋಣಿ ಹೊರಡುವುದು ಸ್ಕೈ ದ್ವೀಪದ ಯೂಯಿಗ್‌ನಿಂದ, ಇನ್ನೊಂದು ಲೂಯಿಸ್‌ನ ಪಶ್ಚಿಮದ ಮೂಲೆಯಲ್ಲಿದೆ. ಟಾರ್ಬರ್ಟ್ ಹ್ಯಾರಿಸ್‌ನಲ್ಲೂ ಇದೆ, ಮುಖ್ಯಭೂಮಿಯ ಕಿಂಟೈರ್‌ನಲ್ಲೂ ಇದೆ. ಬರ್ನರೇ ನಾರ್ತ್ ಯೂಯಿಸ್ಟ್‌ಗೆ ಅಂಟಿಕೊಂಡ ದ್ವೀಪ, ಗ್ರೇಟ್ ಬರ್ನೆರಾ ಲೂಯಿಸ್‌ಗೆ ಅಂಟಿಕೊಂಡದ್ದು. ಕೋಣೆ ಕಾದಿರಿಸುವಾಗ ದ್ವೀಪದ ಹೆಸರನ್ನೂ ಸೇರಿಸಿ ನೋಡಿ. ರಸ್ತೆ ಫಲಕಗಳಲ್ಲಿ ಗೇಲಿಕ್ ಹೆಸರೇ ಮೊದಲು. ಲೀವರ್‌ಬರಾ ಹುಡುಕುವವರಿಗೆ ಕಾಣಿಸುವುದು ಆನ್ ಟೋಬ್ ಎಂಬ ಊರು.

ಕಾರಿನ ಪ್ರಶ್ನೆಗೆ ಬರುತ್ತೇನೆ. ಕಾರಿದ್ದರೆ ಎಲ್ಲ ಸಲೀಸು ಎಂಬ ನಿಮ್ಮ ಎಣಿಕೆಯನ್ನೇ ನಾನು ಒಪ್ಪುವುದಿಲ್ಲ. ಭಾರತದ ಲೈಸೆನ್ಸ್ ಇದ್ದರೆ ಬ್ರಿಟನ್ನಿಗೆ ಬಂದ ಮೊದಲ 12 ತಿಂಗಳು ಓಡಿಸಬಹುದು, ಅದು ಸರಿ. ಆದರೆ ಜುಲೈನಲ್ಲಿ ದೋಣಿಯ ಕಾರು ಅಂತಸ್ತು ವಾರಗಳ ಮೊದಲೇ ಭರ್ತಿಯಾಗುತ್ತದೆ. ಗಾಳಿ ಎದ್ದು ಒಂದು ದೋಣಿ ರದ್ದಾದರೆ ಕಾರಿನವರು ಮುಂದಿನ ಖಾಲಿ ಜಾಗಕ್ಕೆ ಕಾಯುತ್ತಾ ಕೂರಬೇಕು. ಕಾಲ್ನಡಿಗೆಯ ಪ್ರಯಾಣಿಕರಿಗೆ ಸಾಮಾನ್ಯವಾಗಿ ಮುಂದಿನ ದೋಣಿಯಲ್ಲೇ ಜಾಗ ಸಿಗುತ್ತದೆ. ದ್ವೀಪಗಳ ನಡುವೆ ಸೇತುರಸ್ತೆಗಳೂ ಇವೆ. ಬರ್ನರೇಗೆ 1999ರಲ್ಲಿ, ಎರಿಸ್ಕೇಗೆ 2001ರಲ್ಲಿ ಕಲ್ಲಿನ ಏರಿ ಕಟ್ಟಿದ ಮೇಲೆ ಬರ್ನರೇಯಿಂದ ನಾರ್ತ್ ಯೂಯಿಸ್ಟ್, ಬೆನ್ಬೆಕ್ಯುಲಾ, ಸೌತ್ ಯೂಯಿಸ್ಟ್ ದಾಟಿ ಎರಿಸ್ಕೇವರೆಗೆ ಒಂದೇ ರಸ್ತೆ, ಒಂದೇ ಬಸ್ಸಿನ ನಂಬರು. ದೋಣಿ ಬೇಕಾಗುವುದು ಎರಡೇ ಕಡೆ: ಬ್ಯಾರಾದ ಆರ್ಡ್‌ವೋರ್‌ನಿಂದ ಎರಿಸ್ಕೇಗೆ 40 ನಿಮಿಷ, ಬರ್ನರೇಯಿಂದ ಲೀವರ್‌ಬರಾಗೆ ಒಂದು ಗಂಟೆ. ಈ ಎರಡನೆಯದು ಬಂಡೆ, ಮರಳು ದಿಬ್ಬಗಳ ನಡುವೆ ಹಾವಿನಂತೆ ಬಳುಕಿ ಹೋಗುವ ದಾರಿ. ನೀರಿನ ಇಳಿತ ಜೋರಾಗಿರುವ ದಿನ ಸಮಯ ಬದಲಾಗಬಹುದು, ರದ್ದೂ ಆಗಬಹುದು. ಆದ್ದರಿಂದ ಹಿಂದಿನ ಸಂಜೆ ದೋಣಿ ಕಂಪನಿ ಕ್ಯಾಲ್‌ಮ್ಯಾಕ್‌ನ ಸ್ಥಿತಿ ಪುಟ ನೋಡುವುದನ್ನು ಊಟ ಮಾಡಿದಷ್ಟೇ ನಿಯಮವಾಗಿ ಇಟ್ಟುಕೊಳ್ಳಿ.

ನಿಮ್ಮ ಯೋಜನೆಯಲ್ಲಿ ನಿಜವಾಗಿ ತಪ್ಪಿರುವುದು ಐದು ದಿನಕ್ಕೆ ಇಡೀ ಸರಪಳಿ ಎಂಬುದು. ಬ್ಯಾರಾ ಪಕ್ಕದ ವಾಟರ್ಸೇಯಿಂದ ಲೂಯಿಸ್‌ನ ತುದಿಯವರೆಗಿನ ಸೈಕಲ್ ದಾರಿಯೇ 297 ಕಿಲೋಮೀಟರ್, 10 ದ್ವೀಪ. ಬಸ್ಸಿನಲ್ಲಿ ನೆಮ್ಮದಿಯಾಗಿ ಹೋಗಲು, ನಡುವೆ ಒಂದು ಭಾನುವಾರ ಸೇರಿ, ಎಂಟು-ಒಂಬತ್ತು ದಿನ ಬೇಕು. ಅಷ್ಟು ದಿನ ಸಿಕ್ಕರೆ ಬ್ಯಾರಾದಿಂದ ಶುರುಮಾಡಿ ಸ್ಟಾರ್ನೋವೇಯಲ್ಲಿ ಮುಗಿಸಿ, ತಿರುಗಿಸಬೇಡಿ. ಮುಖ್ಯಭೂಮಿಯ ಓಬನ್‌ನಿಂದ ಬ್ಯಾರಾದ ಕ್ಯಾಸಲ್‌ಬೇಗೆ ಐದು ಗಂಟೆಯ ಹತ್ತಿರದ ತೆರೆದ ಸಮುದ್ರ, ದೋಣಿಗಳೂ ಕಡಿಮೆ. ಅದು ಮೊದಲ ದಿನ ರದ್ದಾದರೆ ನೀವು ಓಬನ್‌ನಲ್ಲಿರುತ್ತೀರಿ, ಪಕ್ಕದಲ್ಲೇ ರೈಲು ನಿಲ್ದಾಣ, ಯೋಜನೆ ಬದಲಿಸಿಕೊಳ್ಳಬಹುದು. ಕೊನೆಯ ದಿನ ರದ್ದಾದರೆ ಅಪ್ಪ-ಅಮ್ಮನ ಬೆಂಗಳೂರಿನ ವಿಮಾನವೇ ತಪ್ಪೀತು. ಸ್ಟಾರ್ನೋವೇಯಿಂದ ಬೇಸಿಗೆಯಲ್ಲಿ ದಿನಕ್ಕೆ ಒಂದಕ್ಕಿಂತ ಹೆಚ್ಚು ದೋಣಿ, ವಿಮಾನ ನಿಲ್ದಾಣವೂ ಇದೆ. ಆದರೂ ದ್ವೀಪ ಬಿಡುವ ದಿನಕ್ಕೂ ದೊಡ್ಡ ವಿಮಾನಕ್ಕೂ ನಡುವೆ ಎರಡು ದಿನ ಖಾಲಿ ಬಿಡಿ.

ಓಬನ್‌ಗೆ ಹೋಗುವ ರೈಲಿನ ಬಗ್ಗೆ ಒಂದು ಮಾತು. ಗ್ಲಾಸ್ಗೋ ಕ್ವೀನ್ ಸ್ಟ್ರೀಟ್‌ನಿಂದ ಹೊರಡುವ ಕೆಲವು ರೈಲುಗಳು ಕ್ರಿಯನ್‌ಲಾರಿಕ್‌ನಲ್ಲಿ ಎರಡು ತುಂಡಾಗುತ್ತವೆ, ಒಂದು ಓಬನ್‌ಗೆ, ಇನ್ನೊಂದು ಮ್ಯಾಲೆಗ್‌ಗೆ. ಯಾವ ಬೋಗಿ ಯಾವ ಊರಿಗೆ ಎಂದು ಹತ್ತುವ ಮೊದಲೇ ಕೇಳಿ.

ಐದೇ ದಿನ ಎಂದಾದರೆ ಲೂಯಿಸ್, ಹ್ಯಾರಿಸ್ ಎರಡೇ ಸಾಕು. ಭೂಪಟದಲ್ಲಿ ಅವು ಎರಡು ಹೆಸರಿನ ಒಂದೇ ನೆಲ. ಗ್ಲಾಸ್ಗೋದಿಂದ ಇನ್ವರ್ನೆಸ್‌ಗೆ ರೈಲು, ಅಲ್ಲಿಂದ ಅಲ್ಲಪೂಲ್‌ಗೆ ದೋಣಿಗೆ ಹೊಂದಿಸಿದ ಸಿಟಿಲಿಂಕ್ ಬಸ್ಸು, ಮುಂದೆ ಎರಡೂವರೆ ಗಂಟೆಗೂ ಸ್ವಲ್ಪ ಹೆಚ್ಚಿನ ದೋಣಿ ಪ್ರಯಾಣ. ಸ್ಟಾರ್ನೋವೇಯಲ್ಲಿ ದೋಣಿ ಕಟ್ಟೆಯಿಂದ ಬಸ್ ನಿಲ್ದಾಣಕ್ಕೆ ಕೆಲವೇ ನಿಮಿಷದ ನಡಿಗೆ. ನಾಲ್ಕೂ ರಾತ್ರಿ ಅಲ್ಲೇ ಉಳಿಯಿರಿ, ದಿನಾ ಪೆಟ್ಟಿಗೆ ಹೊರುವ ಕೆಲಸ ಹಿರಿಯರಿಗೆ ಬೇಡ.

ಒಂದು ದಿನ ಡಬ್ಲ್ಯು 2. ಪಶ್ಚಿಮ ಕರಾವಳಿಯನ್ನು ಸುತ್ತಿ ಸ್ಟಾರ್ನೋವೇಗೆ ಮರಳುವ ಬಸ್ಸು ಇದು, ಎರಡೂ ದಿಕ್ಕಿನಲ್ಲಿ ಓಡುತ್ತದೆ. ಕ್ಯಾಲನಿಶ್‌ನಲ್ಲಿ ಇಳಿದರೆ ಸುಮಾರು 5,000 ವರ್ಷ ಹಳೆಯ ನಿಲುವುಗಲ್ಲುಗಳು. ಮುಂದಿನ ಬಸ್ಸು ಹತ್ತಿ ಕಾರ್ಲೋವೇಯ ಕಲ್ಲಿನ ಕೋಟೆ ಅಥವಾ ಗಾರೆನಿನ್‌ನ ಹುಲ್ಲು ಚಾವಣಿಯ ಮನೆಗಳು, ಅದರ ಮುಂದಿನದರಲ್ಲಿ ಆರ್ನಲ್‌ನ ಅಂಥದೇ ಹಳೆಯ ಮನೆ. ಬಸ್ಸುಗಳ ನಡುವೆ ಎರಡು-ಮೂರು ಗಂಟೆ ಅಂತರ ಇರುವುದರಿಂದ ಮೂರೂ ಕಡೆ ಇಳಿಯುವ ಆಸೆ ಬೇಡ, ಎರಡು ಸಾಕು. ಕ್ಯಾಲನಿಶ್ ಗುಡ್ಡದ ಮೇಲೆ ಗಾಳಿ ಸುಯ್ಯೆನ್ನುವಾಗ ಆ ಕಲ್ಲುಗಳ ನಡುವೆ ಎರಡು ಗಂಟೆ ಕಳೆಯುವುದು ಖಂಡಿತ ಕಷ್ಟವಲ್ಲ. ಇನ್ನೊಂದು ದಿನ ಡಬ್ಲ್ಯು 1ರಲ್ಲಿ ಉತ್ತರ ತುದಿಯ ನೆಸ್. ಯೋರಪಿಯಲ್ಲಿ ಇಳಿದು ಸುಮಾರು 2 ಕಿಲೋಮೀಟರ್ ನಡೆದರೆ ದೀಪಸ್ತಂಭ. ಮತ್ತೊಂದು ದಿನ ಡಬ್ಲ್ಯು 10ರಲ್ಲಿ ಹ್ಯಾರಿಸ್. ಬೆಟ್ಟ ಹತ್ತಿ ಇಳಿಯುವ ಆ ದಾರಿಗಾಗಿಯೇ ಹೋಗಬೇಕು, ಪಕ್ಕದಲ್ಲೇ 799 ಮೀಟರಿನ ಕ್ಲಿಶಮ್ ಬೆಟ್ಟ. ಚಿತ್ರಗಳಲ್ಲೆಲ್ಲ ಬರುವ ಲಸ್ಕೆಂಟೈರ್ ಕಡಲ ತೀರಕ್ಕೆ ಈ ಬಸ್ಸು ಒಳಗೆ ಹೋಗುವುದಿಲ್ಲ. ಮುಖ್ಯರಸ್ತೆಯ ಕವಲಿನಲ್ಲಿ ಇಳಿದು ನಾಲ್ಕೈದು ಕಿಲೋಮೀಟರ್ ನಡೆಯಬೇಕು, ಮತ್ತೆ ಅಷ್ಟೇ ದೂರ ವಾಪಸ್. ಅಮ್ಮನಿಗೆ ಮೊಣಕಾಲು ನೋವಿದೆ ಎಂದಿದ್ದೀರಿ. ಅವರಿಗೆ ಅದನ್ನು ಬಿಟ್ಟು, ಅದೇ ಬಸ್ಸಿನಲ್ಲಿ ಇನ್ನಷ್ಟು ದಕ್ಷಿಣಕ್ಕೆ ಹೋಗಿ, ರಸ್ತೆ ಕಡಲಿಗೆ ತಾಗಿಕೊಂಡೇ ಹೋಗುವ ಕಡೆ ಇಳಿಸಿ. ಮರಳು ಅಲ್ಲೂ ಅಷ್ಟೇ ಬಿಳಿ.

ಹಳ್ಳಿ ರಸ್ತೆಗಳಲ್ಲಿ ನಿಲ್ದಾಣದ ಕಂಬ ಹುಡುಕಬೇಡಿ. ತಿರುವಿನಲ್ಲಿ ನಿಲ್ಲದೆ, ಚಾಲಕರಿಗೆ ದೂರದಿಂದಲೇ ಕಾಣುವ ನೇರ ಜಾಗದಲ್ಲಿ, ಬಸ್ಸು ಪಕ್ಕಕ್ಕೆ ನಿಲ್ಲಲು ಸ್ಥಳವಿರುವ ಕಡೆ ನಿಂತು ಕೈ ಚಾಚಿ. ಐದು ನಿಮಿಷವಲ್ಲ, ಹತ್ತು ನಿಮಿಷ ಮೊದಲೇ ನಿಲ್ಲಿ. ಇಳಿಯುವಾಗ ಚಾಲಕರಿಗೆ ಎಷ್ಟು ಗಂಟೆಯ ಬಸ್ಸಿಗೆ ಮರಳುತ್ತೀರಿ ಎಂದು ಹೇಳಿಬಿಡಿ. ಅವರಿಗೆ ರಸ್ತೆಯ ಪ್ರತಿ ಮನೆಯೂ ಗೊತ್ತು, ಆ ಬಸ್ಸು ಅಂದು ಇದೆಯೋ ಇಲ್ಲವೋ ಎಂಬುದೂ ಗೊತ್ತು. ಸ್ಕಾಟ್ಲೆಂಡಿನ ನಿವಾಸಿಯಾಗಿ 22 ತುಂಬದವರಾದರೆ ಬಸ್ಸು ನಿಮಗೆ ಉಚಿತ, 2022ರ ಜನವರಿ ಕೊನೆಯಿಂದ ಈ ಸೌಲಭ್ಯ ಇದೆ. ಕಾರ್ಡನ್ನು ಮೊದಲೇ ಮಾಡಿಸಬೇಕು. 60 ದಾಟಿದವರ ಉಚಿತ ಕಾರ್ಡೂ ನಿವಾಸಿಗಳಿಗೆ ಮಾತ್ರ, ಹಾಗಾಗಿ ಅಪ್ಪ-ಅಮ್ಮನಿಗೆ ಟಿಕೆಟ್ ಕೊಳ್ಳಲೇಬೇಕು.

ಅವರ ವಿಮಾನದ ಟಿಕೆಟ್ ಇನ್ನೂ ಆಗಿಲ್ಲ ಎಂದು ಕೊನೆಯಲ್ಲಿ ಬರೆದಿದ್ದೀರಲ್ಲ, ಹಾಗಾದರೆ ಜುಲೈ ಬಿಡಿ, ಜೂನ್ ಮೊದಲ ಎರಡು ವಾರಕ್ಕೆ ಮಾಡಿಸಿ. ಶಾಲೆಗಳು ತೆರೆದಿರುತ್ತವೆ, ಬೆಳಗಿನ ಬಸ್ಸು ಬರುತ್ತದೆ, ರಾತ್ರಿ ಹತ್ತರ ಮೇಲೂ ಬೆಳಕಿರುತ್ತದೆ.