ನಗರದ ಗದ್ದಲಕ್ಕೆ ಹಾಡುಹಕ್ಕಿಗಳು ಹೇಗೆ ಹೊಂದಿಕೊಳ್ಳುತ್ತವೆ?

ಮುಖ್ಯವಾಗಿ ಹಾಡನ್ನೇ ಬದಲಿಸಿಕೊಂಡು. ವಾಹನಗಳ ಸದ್ದು ಹೆಚ್ಚಾಗಿ ತಗ್ಗು, ಅಂದರೆ ದಪ್ಪ ಸ್ವರದ್ದು, ಹಾಗಾಗಿ ಹಾಡಿನ ತಗ್ಗು ಭಾಗ ಅದರಲ್ಲಿ ಮುಳುಗಿಹೋಗುತ್ತದೆ. ಗಂಡಿನ ಹಾಡು ಹೆಣ್ಣಿಗೆ ಕೇಳಿಸದಿದ್ದರೆ ಜೋಡಿ ಸಿಗುವುದೇ ಕಷ್ಟ, ಅಲ್ವಾ? ನೆದರ್ಲೆಂಡ್ಸ್‌ನ ಲೈಡನ್ ನಗರದಲ್ಲಿ ಗದ್ದಲ ಜಾಸ್ತಿ ಇರುವ ಕಡೆ ಗ್ರೇಟ್ ಟಿಟ್ ಹಕ್ಕಿಗಳು ಏರು ಸ್ವರದಲ್ಲಿ ಹಾಡುತ್ತವೆ ಅಂತ 2003ರಲ್ಲೇ ಸಂಶೋಧಕರು ತೋರಿಸಿದ್ದರು.

ನನಗೆ ತುಂಬಾ ಇಷ್ಟವಾದ ಸಾಕ್ಷಿ 2020ರದು. ಲಾಕ್‌ಡೌನ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ವಾಹನಗಳು ಕಡಿಮೆಯಾದಾಗ, ಅಲ್ಲಿನ ವೈಟ್ ಕ್ರೌನ್ಡ್ ಗುಬ್ಬಿಗಳು ಮೆಲುದನಿಯಲ್ಲಿ, ತಗ್ಗು ಸ್ವರಗಳನ್ನೂ ಸೇರಿಸಿ ಹಾಡತೊಡಗಿದವು, ಆದರೂ ಆ ಹಾಡು ಮೊದಲಿಗಿಂತ ದೂರಕ್ಕೆ ಕೇಳಿಸುತ್ತಿತ್ತು. ಅಂದರೆ ಈ ಬದಲಾವಣೆ ಬೇಗನೆ ಆಗಬಲ್ಲದು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹಗಲು ಗದ್ದಲವಿರುವ ಜಾಗಗಳ ರಾಬಿನ್‌ಗಳು ರಾತ್ರಿ ಹಾಡುತ್ತವೆ.

ಹಾಗಂತ ಎಲ್ಲವೂ ಸುಮ್ನೆ ಅಭ್ಯಾಸ ಅಲ್ಲ. ಯುರೋಪಿನಲ್ಲಿ ಕಾಡಿನ ಮತ್ತು ನಗರದ ಬ್ಲ್ಯಾಕ್‌ಬರ್ಡ್ ಮರಿಗಳನ್ನು ತಂದು ಒಂದೇ ರೀತಿಯಲ್ಲಿ ಸಾಕಿದರು. ದೊಡ್ಡವಾದ ಮೇಲೂ ನಗರದ ಹಕ್ಕಿಗಳ ದೇಹದಲ್ಲಿ ಗಾಬರಿಯಾದಾಗ ಒತ್ತಡದ ಹಾರ್ಮೋನ್ ಕಡಿಮೆ ಏರಿತು, ಆದ್ದರಿಂದ ನಗರಕ್ಕೆ ಹೊಂದಿಕೊಳ್ಳುವುದರಲ್ಲಿ ಹುಟ್ಟಿನಿಂದ ಬಂದದ್ದೂ ಇದೆ ಅನ್ನಿಸುತ್ತದೆ. ಆದರೆ ಎಲ್ಲ ಜಾತಿಗಳಿಗೂ ಇದು ಸಾಧ್ಯವಿಲ್ಲ. ನಿರ್ದಿಷ್ಟ ಹುಳು, ನಿರ್ದಿಷ್ಟ ಪೊದೆಯನ್ನೇ ನಂಬಿದ ಹಕ್ಕಿಗಳು ನಗರ ಬೆಳೆದಂತೆ ಅಲ್ಲಿಂದ ಮರೆಯಾಗುತ್ತವೆ.